ಹಸಿರು ಟಿಕ್ ಬಿದ್ದ ಸಾವಿನ ಸುದ್ದಿ

ಆ ಬೆಳಗಿನ ಕಥೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದಾಗಲೆಲ್ಲ ನನ್ನ ಪಾಲಿನದನ್ನು ಸ್ವಲ್ಪ ಎಡಿಟ್ ಮಾಡಿಯೇ ಹೇಳಿದ್ದೇನೆ. ಈಗ ಎಂಬತ್ತು ದಾಟಿದೆ. ಎಡಿಟ್ ಮಾಡುವ ತಾಳ್ಮೆಯೂ ಉಳಿದಿಲ್ಲ.

ಬಸವೇಶ್ವರನಗರದ ನಮ್ಮ ಮನೆಯ ಗ್ಯಾರೇಜು ಖಾಲಿ ಬಿದ್ದಿತ್ತು. ಕಾನ್ವೆಂಟಿನಲ್ಲಿ ಓದಿ, ಅಂಥದ್ದೇ ಇನ್ನೊಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು ನಾನು. ನಮ್ಮವರು ಹೋದಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಎರಡು ಸಾವಿರದ ಏಳೋ ಎಂಟೋ ಇರಬೇಕು, ಗೇಟಿನ ಟು ಲೆಟ್ ಬೋರ್ಡ್ ನೋಡಿ ಇಬ್ಬರು ಕಾಲೇಜು ಮಕ್ಕಳು ಬಂದರು. ಒಬ್ಬಳು ಗದಗದ ಕಡೆಯ ಹುಡುಗಿ, ವಿಜಯನಗರದಲ್ಲಿ ಹಾಸ್ಟೆಲ್. ಇನ್ನೊಬ್ಬ ಕಾಮಾಕ್ಷಿಪಾಳ್ಯದ ಹುಡುಗ, ಅವನ ಅಮ್ಮ ಅಲ್ಲೇ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಇಬ್ಬರೂ ಡಿಗ್ರಿಯಲ್ಲಿ ಜರ್ನಲಿಸಂ ಓದುತ್ತಿದ್ದರು. ಒಂದು ನ್ಯಾಷನಲ್ ಪೊಲಿಟಿಕಲ್ ನ್ಯೂಸ್ ವೆಬ್‌ಸೈಟ್ ನಡೆಸುತ್ತೇವೆ, ಆಫೀಸಿಗೆ ಜಾಗ ಬೇಕು ಎಂದರು. ನಗು ಬಂತು. ಆದರೆ ಹುಡುಗಿ ನಗಲಿಲ್ಲ, ಹಾಗಾಗಿ ನಾನೂ ನಿಲ್ಲಿಸಿದೆ.

ಸುಳ್ಳಲ್ಲ, ನಿಜವಾಗಿಯೂ ನಡೆಸುತ್ತಿದ್ದರು. ಪಾಟ್ನಾ, ಗುವಾಹಟಿ, ಜೈಪುರ ಎಲ್ಲೆಲ್ಲೋ ಇರುವ ಕಾಲೇಜು ಮಕ್ಕಳು ಇವರಿಗೆ ಇಂಗ್ಲಿಷಿನಲ್ಲಿ ವರದಿ ಕಳಿಸುತ್ತಿದ್ದರು. ಪಾರ್ಲಿಮೆಂಟಿನಲ್ಲಿ ಯಾರು ಏನಂದರು, ಯಾವ ಪಕ್ಷ ಯಾರ ಬೆನ್ನಿಗೆ ನಿಂತಿತು, ಎಲ್ಲವೂ ನನ್ನ ಗ್ಯಾರೇಜಿನಿಂದಲೇ ಪ್ರಕಟವಾಗುತ್ತಿತ್ತು. ಕಾಂಟ್ಯಾಕ್ಟ್ ನಂಬರು ನಮ್ಮ ಮನೆಯ ಲ್ಯಾಂಡ್‌ಲೈನ್. ಡೆಲ್ಲಿಯಿಂದ ಯಾರೋ ಎಂಪಿಯ ಕಡೆಯವರು ಫೋನ್ ಮಾಡಿ ಎಡಿಟರ್ ಬೇಕು ಎಂದರೆ, ನನ್ನ ಬೆಸ್ಟ್ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಅವರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಿದ್ದೆ. ಎಡಿಟರ್ ಆಗ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿರುತ್ತಿದ್ದಳು.

ಆ ಹುಡುಗಿಯದು ಒಂದೇ ರೂಲು. ಯಾವ ಸುದ್ದಿಯನ್ನಾದರೂ ಎರಡು ಕಡೆ ಕೇಳಬೇಕು. ಎರಡು ಕಡೆ ಹೌದು ಎಂದರೆ ಹಾಕು, ಇಲ್ಲದಿದ್ದರೆ ಬಿಡು. "ಒಬ್ಬರು ಹೇಳಿದ್ದು ಸುದ್ದಿ ಅಲ್ರಿ ಮಿಸ್, ಬರೇ ಮಾತು" ಎನ್ನುತ್ತಿದ್ದಳು. ಮಿಸ್ ಅಂದರೆ ನಾನು. ಇಂಗ್ಲಿಷ್ ತಿದ್ದುವುದು ನನ್ನ ಕೆಲಸ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಅವಳಿಗೆ ಸುದ್ದಿಯ ವಾಸನೆ ಗೊತ್ತಿತ್ತು, ವಾಕ್ಯ ಕೈಕೊಡುತ್ತಿತ್ತು. ಪ್ರಿಂಟೌಟ್ ತೆಗೆದು ಕೊಡುತ್ತಿದ್ದರು, ನಾನು ಸ್ಕೂಲಿನ ದಿನಗಳ ಹಾಗೆ ಹಸಿರು ಇಂಕಿನಲ್ಲಿ ತಿದ್ದುತ್ತಿದ್ದೆ. ಕೊನೆಗೆ ಒಂದು ಟಿಕ್ ಹಾಕಿದರೆ ಆ ಲೇಖನ ಸೈಟಿಗೆ ಹೋಗಬಹುದು ಎಂದು ಲೆಕ್ಕ. ಹುಡುಗ ಟಿಕ್ ನೋಡುತ್ತಿದ್ದ, ಸೈಟಿಗೆ ಏರಿಸುತ್ತಿದ್ದ. "ಮಿಸ್ಸೇ ಟಿಕ್ ಹಾಕಿದ್ಮೇಲೆ ಮುಗೀತು ಗುರು, ಪ್ರೈಮ್ ಮಿನಿಸ್ಟರ್ ಬಂದ್ರೂ ಚೇಂಜ್ ಇಲ್ಲ" ಎಂದು ಅವಳನ್ನೂ ನನ್ನನ್ನೂ ರೇಗಿಸುತ್ತಿದ್ದ. ಪಾಸ್‌ವರ್ಡ್ ಇದ್ದದ್ದು ಅವರಿಬ್ಬರ ಹತ್ತಿರ ಮಾತ್ರ. ನನಗೂ ಬರೆದುಕೊಡಲು ಬಂದಿದ್ದರು. ನಾನು ಮರೆತುಬಿಡುತ್ತೇನೆ, ಬೇಡ ಎಂದಿದ್ದೆ.

ಫೈನಲ್ ಇಯರ್ ಪರೀಕ್ಷೆ ಬಂತು. ಹುಡುಗಿಗೆ ಡೆಲ್ಲಿಯ ಒಂದು ಪತ್ರಿಕೆಯಲ್ಲಿ ಟ್ರೈನೀ ಕೆಲಸ ಆಗಲೇ ಸಿಕ್ಕಿತ್ತು. ಎಲ್ಲ ಪೇಪರೂ ಒಂದೇ ಸಲಕ್ಕೆ ಪಾಸಾಗಿರಬೇಕು ಎಂದು ಒಂದು ಷರತ್ತು. ಅಪ್ಪನಿಗೆ ಹಾರ್ಟ್ ತೊಂದರೆ, ಹಿಂದಿನ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದರು. ಮಗಳು ಡೆಲ್ಲಿಗೆ ಹೋಗುತ್ತಾಳೆ ಎಂಬ ಒಂದೇ ಮಾತಿನಲ್ಲಿ ಅವರು ಎದ್ದು ಓಡಾಡುತ್ತಿದ್ದಾರೆ ಎಂದು ಅವಳೇ ಹೇಳಿದ್ದಳು.

ಪರೀಕ್ಷೆಯ ವಾರ ಸೈಟು ಸುಮ್ಮನಿರಬಾರದು, ಇದನ್ನು ನಡೆಸುವವರು ಸ್ಟೂಡೆಂಟ್ಸ್ ಎಂದು ದೇಶಕ್ಕೆ ಗೊತ್ತಾಗಬಾರದು. ಅದಕ್ಕೆ ಮುಂಚಿತವಾಗಿಯೇ ಲೇಖನಗಳನ್ನು ಬರೆದು, ಒಂದೊಂದಕ್ಕೂ ಒಂದು ದಿನ, ಒಂದು ಗಂಟೆ ಎಂದು ಗೊತ್ತುಮಾಡಿದರು. ಆ ಹೊತ್ತಿಗೆ ಸರಿಯಾಗಿ ಅವು ತಾವೇ ಪ್ರಕಟವಾಗುತ್ತವಂತೆ. ನಾನು ಎರಡು ದಿನ ಕೂತು ಆ ಕಟ್ಟನ್ನು ತಿದ್ದಿದೆ. ಅದರ ಅಡಿಯಲ್ಲಿ ಇನ್ನೊಂದು ಲೇಖನ ಇತ್ತು. ದೇಶದ ಒಬ್ಬ ಹಿರಿಯ ನಾಯಕರು ಆಗ ಡೆಲ್ಲಿಯ ಆಸ್ಪತ್ರೆಯಲ್ಲಿದ್ದರು. ದೊಡ್ಡ ಪತ್ರಿಕೆಗಳಲ್ಲಿ ಇಂಥವರ ಸಾವಿನ ಲೇಖನವನ್ನು ಮೊದಲೇ ಬರೆದಿಟ್ಟಿರುತ್ತಾರೆ ಎಂದು ಕ್ಲಾಸಿನಲ್ಲಿ ಕಲಿತು, ಹುಡುಗಿಯೂ ಬರೆದಿದ್ದಳು. ತಿದ್ದಿ ಇಡಿ ಮಿಸ್, ಟಿಕ್ ಮಾತ್ರ ಬೇಡ ಎಂದಿದ್ದಳು.

ಓದಿದೆ. ಒಂದೂ ತಪ್ಪಿರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಆ ಹುಡುಗಿ ಒಂದೂ ತಪ್ಪಿಲ್ಲದ ಇಂಗ್ಲಿಷ್ ಬರೆದಿದ್ದಳು. ಕಣ್ಣು ತುಂಬಿತು. ಒಳ್ಳೆಯ ಕಾಂಪೊಸಿಷನ್ ನೋಡಿದಾಗ ಜೀವನಪೂರ್ತಿ ನನ್ನ ಕೈ ಏನು ಮಾಡಿತ್ತೋ ಅದನ್ನೇ ಮಾಡಿತು. ಪುಟದ ಕೆಳಗೆ ದೊಡ್ಡ ಹಸಿರು ಟಿಕ್.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕಾಫಿ ಹಿಡಿದು ಕಂಪ್ಯೂಟರ್ ಮುಂದೆ ಕೂತೆ. ಸೈಟು ತೆರೆದರೆ ಮೇಲೆಯೇ ಆ ನಾಯಕರ ಫೋಟೊ, ಕಪ್ಪು ಗೆರೆ, ನಿಧನ. ಒಂದು ಕ್ಷಣ ಅಯ್ಯೋ ಪಾಪ ಎಂದುಕೊಂಡೆ. ಟಿವಿ ಹಾಕಿದೆ. ಯಾವ ಚಾನೆಲ್ಲಿನಲ್ಲೂ ಏನೂ ಇಲ್ಲ. ಗ್ಯಾರೇಜಿಗೆ ಹೋಗಿ ಪ್ರಿಂಟೌಟುಗಳ ಕಟ್ಟು ತೆಗೆದೆ, ಕೊನೆಯ ಹಾಳೆಯ ಮೇಲೆ ನನ್ನ ಟಿಕ್. ಹಿಂದಿನ ಸಂಜೆ ಹುಡುಗ ಟಿಕ್ ಇದ್ದ ಎಲ್ಲವಕ್ಕೂ ಪ್ರಕಟವಾಗುವ ಟೈಮು ಹಾಕಿದ್ದ. 

ಇಬ್ಬರ ಮೊಬೈಲೂ ಸ್ವಿಚ್ ಆಫ್. ಹತ್ತರಿಂದ ಒಂದರವರೆಗೆ ಕೆಂಗೇರಿಯ ಒಂದು ಕಾಲೇಜಿನಲ್ಲಿ ಪರೀಕ್ಷೆ. ಒಂದು ಗಂಟೆಯವರೆಗೆ ಕಾಯೋಣ, ಈ ಮಕ್ಕಳ ಸೈಟನ್ನು ಅಷ್ಟರಲ್ಲಿ ಯಾರು ನೋಡಿಯಾರು ಎಂದುಕೊಳ್ಳುತ್ತಿದ್ದಾಗಲೇ ಫೋನು ಹೊಡೆಯಿತು. ಮೊದಲು ಯಾವುದೋ ಪತ್ರಿಕೆಯವರು. ಆಮೇಲೆ ಒಬ್ಬ ಹೆಂಗಸು, ನನ್ನಷ್ಟೇ ವಯಸ್ಸಿನ ದನಿ, ಒಳ್ಳೆಯ ಇಂಗ್ಲಿಷ್. ತಾನು ಆ ನಾಯಕರ ತಂಗಿ ಎಂದರು. ಮೊಮ್ಮಗ ಕಂಪ್ಯೂಟರಿನಲ್ಲಿ ತೋರಿಸಿದನಂತೆ, ಆಸ್ಪತ್ರೆಯಲ್ಲಿ ಯಾರೂ ಫೋನು ಎತ್ತುತ್ತಿಲ್ಲವಂತೆ. ಅಣ್ಣ ಎಷ್ಟು ಹೊತ್ತಿಗೆ ಹೋದ ಎಂದು ನನ್ನನ್ನು ಕೇಳಿದರು. ಇಲ್ಲ ಇಲ್ಲ, ಅದು ತಪ್ಪು, ನಮ್ಮ ತಪ್ಪು ಎಂದೆ. ತಪ್ಪಾಗಿದ್ದರೆ ಇನ್ನೂ ಯಾಕೆ ಅಲ್ಲೇ ಇದೆ ಎಂದರು.  ಅವರು ಫೋನು ಇಡಲಿಲ್ಲ, ಉಸಿರು ಕೇಳಿಸುತ್ತಿತ್ತು. ನಾನೇ ಇಟ್ಟೆ.

ಉಟ್ಟ ಸೀರೆಯಲ್ಲೇ ಆಟೋ ಹತ್ತಿದೆ. ನಾಯಂಡಹಳ್ಳಿಯಲ್ಲಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡು ಕೂತಾಗ, ಆ ಹೆಂಗಸು ಇನ್ನೂ ರಿಸೀವರ್ ಹಿಡಿದೇ ಇದ್ದಾರೇನೋ ಅನ್ನಿಸುತ್ತಿತ್ತು. ಬೇಗ ಹೋಗಪ್ಪ ಎಂದು ಎಷ್ಟು ಸಲ ಹೇಳಿದೆನೋ, ಕೊನೆಗೆ ಡ್ರೈವರು ತಿರುಗಿ ನೋಡಿ, "ಆಸ್ಪತ್ರೆಗಾ ಅಮ್ಮ?" ಎಂದ. ಹೂಂ ಎಂದುಬಿಟ್ಟೆ. ಅವತ್ತಿನ ಮೊದಲ ಸುಳ್ಳು ಅದು.

ಕೆಂಗೇರಿ ತಲುಪಿದಾಗ ಹನ್ನೊಂದೂಕಾಲು. ವಾಚ್‌ಮನ್ನನನ್ನು ಕಾಡಿ ಬೇಡಿ ಪರೀಕ್ಷೆಯ ಸೂಪರಿಂಟೆಂಡೆಂಟ್ ಕೋಣೆಗೆ ಹೋದೆ. ಅವರಿಗೆ ನಿಜವನ್ನೇ ಹೇಳಿದೆ. ವೆಬ್‌ಸೈಟು, ತಪ್ಪು ಸುದ್ದಿ, ಪಾಸ್‌ವರ್ಡ್. ಅವರು ಕೆಟ್ಟವರೇನಲ್ಲ, ಕೂರಿಸಿ ನೀರು ಕೊಟ್ಟರು.

"ಮೇಡಂ, ಹೊರಗೆ ಬಂದ್ರೆ ವಾಪಸ್ ಬಿಡೋ ಹಾಗಿಲ್ಲ. ಒಂದು ಗಂಟೆಗೆ ಬರ್ತಾರೆ, ಆಗ ಸರಿ ಮಾಡ್ಕೊಳ್ಳಿ. ಮಕ್ಕಳ ಫ್ಯೂಚರ್ ಅಲ್ವಾ?"

ಸರಿಯಾದ ಮಾತು. ಎದ್ದು ಬಾಗಿಲವರೆಗೆ ಬಂದೆ. ಇನ್ನೂ ಒಂದೂ ಮುಕ್ಕಾಲು ಗಂಟೆ. ಆಗ ನನ್ನ ತಲೆ ಎಷ್ಟು ತಣ್ಣಗೆ ಕೆಲಸ ಮಾಡಿತು ಎಂಬುದನ್ನೇ ನಾನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹುಡುಗನನ್ನು ಕರೆಸೋಣವೇ ಎಂದು ಯೋಚಿಸಿದೆ. ಅವನ ಅಮ್ಮ ಇಲ್ಲೇ ಕಾಮಾಕ್ಷಿಪಾಳ್ಯದಲ್ಲಿ, ಒಂದು ಫೋನಿನಲ್ಲಿ ಸುಳ್ಳು ಹೊರಬೀಳುತ್ತದೆ. ಹುಡುಗಿಯ ಮನೆ ದೂರ. ಅವಳ ಅಪ್ಪನಿಗೆ ಹಾರ್ಟ್ ತೊಂದರೆ ಇದೆ ಎಂದು ಅವಳ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು, ಅಲ್ಲಿ ವಿಚಾರಿಸಿದರೂ ಅನುಮಾನ ಬರುವುದಿಲ್ಲ. ನಂಬುತ್ತಾರೆ. ಡೆಲ್ಲಿಯ ಷರತ್ತು ನೆನಪಿಗೆ ಬಂತೇ ಎಂದರೆ, ಬಂತು. ಅದನ್ನು ಪಕ್ಕಕ್ಕೆ ಸರಿಸಿದೆ.

ತಿರುಗಿ ಹೋಗಿ ಹೇಳಿದೆ. "ಸರ್, ಆ ಹುಡುಗಿಯ ತಂದೆ ತೀರಿಕೊಂಡ್ರು. ಹೇಗೆ ಹೇಳೋದು ಗೊತ್ತಾಗದೆ ಏನೇನೋ ಹೇಳಿದೆ."

ಅವರು ಕುರ್ಚಿಯಿಂದ ಎದ್ದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಾವೇ ಮೆಟ್ಟಿಲು ಹತ್ತಿ ಹೋದರು.

ಅವಳು ಇಳಿದು ಬಂದಾಗ ಕೈಯಲ್ಲಿ ಹಾಲ್ ಟಿಕೆಟ್ಟು, ಕ್ಯಾಪ್ ಇಲ್ಲದ ಪೆನ್ನು. ಸೂಪರಿಂಟೆಂಡೆಂಟರು ಅವಳ ಬ್ಯಾಗನ್ನು ತಾವೇ ಹಿಡಿದುಕೊಂಡಿದ್ದರು. ಅವರ ಎದುರಿಗೆ ನಿಜ ಹೇಳಲು ಧೈರ್ಯ ಬರಲಿಲ್ಲ. ಆಫೀಸಿನಿಂದ ಗೇಟಿನವರೆಗೆ ಎಷ್ಟು ದೂರ? ಐವತ್ತು ಅರವತ್ತು ಹೆಜ್ಜೆ. ಅಷ್ಟೂ ದೂರ ಆ ಮಗು ತಂದೆಯಿಲ್ಲದವಳಾಗಿ ನಡೆದಳು. ನಾನು ಅವಳ ತೋಳು ಹಿಡಿದುಕೊಂಡಿದ್ದೆ.

ಗೇಟು ದಾಟುತ್ತಲೇ ನಿಂತಳು. ಅಳುತ್ತಿರಲಿಲ್ಲ. "ಯಾರ್ ಹೇಳಿದ್ರಿ ಮಿಸ್ ನಿಮಗ? ನಮ್ಮ ಮನಿಗೆ ಫೋನ್ ಹಚ್ಚಿ ಕೇಳಿದ್ರೇನು? ಮತ್ತ್ಯಾರನ್ನ ಕೇಳಿದ್ರಿ?"

ತಂದೆಯ ಸಾವನ್ನೂ ಎರಡು ಕಡೆ ಕೇಳುತ್ತಿದ್ದಳು.

ಹೇಳಿದೆ. ಅಪ್ಪನಿಗೆ ಏನೂ ಆಗಿಲ್ಲ, ನಾನು ಸುಳ್ಳು ಹೇಳಿದೆ ಎಂದು ಮೊದಲು. ಆಮೇಲೆ ಲೇಖನ, ಟಿಕ್, ಆ ತಂಗಿಯ ಫೋನು. ಅವಳು ಕಾಂಪೌಂಡಿಗೆ ಒರಗಿ ಹಾಗೇ ಕುಸಿದು ಕೂತಳು. ಬೈಯುತ್ತಾಳೆ ಎಂದು ಕಾದೆ. ಬ್ಯಾಗಿನಿಂದ ಮೊಬೈಲ್ ತೆಗೆದು, ಆನ್ ಮಾಡಿ, ಮನೆಗೆ ಹಚ್ಚಿದಳು. ಸೈಟಿನಲ್ಲಿ ಸುದ್ದಿ ಇನ್ನೂ ಹಾಗೇ ಇತ್ತು, ಒಂದೊಂದು ನಿಮಿಷಕ್ಕೂ ನಾನು ಸಾಯುತ್ತಿದ್ದೆ. ಆದರೂ ಬೇಗ ಮುಗಿಸು ಎನ್ನುವ ಹಕ್ಕು ನನಗಿರಲಿಲ್ಲ.

"ಏನಿಲ್ಲಪ್ಪಾ, ಸುಮ್ನ ಹಚ್ಚೀನಿ. ಪೇಪರ್ ಚಲೋ ಆತು. ನೀ ಗುಳಿಗಿ ತಗೊಂಡ್ಯಾ?" ಎಂದಳು. ಆ ಕಡೆಯ ದನಿಯನ್ನು ಸ್ವಲ್ಪ ಹೊತ್ತು ಕೇಳುತ್ತಾ ಕೂತಳು. ಆಮೇಲೆ ಎದ್ದು, ಎಲ್ಲಿ ಸೈಬರ್ ಸೆಂಟರ್ ಇದೆ ಎಂದು ವಾಚ್‌ಮನ್ನನನ್ನು ಕೇಳಿದಳು.

ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಐದು ನಿಮಿಷದ ಕೆಲಸ. ಸುದ್ದಿ ತೆಗೆದಳು. ಅದರ ಜಾಗದಲ್ಲಿ ನಾಲ್ಕು ಸಾಲು ಬರೆದಳು, ಬದುಕಿರುವವರನ್ನು ಸತ್ತರೆಂದು ಪ್ರಕಟಿಸಿದ್ದೇವೆ, ತಪ್ಪು ನಮ್ಮದು, ಅವರ ಮನೆಯವರ ಕ್ಷಮೆ ಕೇಳುತ್ತೇವೆ ಎಂದು. ಟಿಕ್ಕಿನ ಮಾತು ಅದರಲ್ಲಿರಲಿಲ್ಲ. ಇಂಗ್ಲಿಷಿನಲ್ಲಿ ಎರಡು ತಪ್ಪಿತ್ತು, ನಾನು ಬಾಯಿಬಿಡಲಿಲ್ಲ.

ಹೊರಗೆ ಬಂದ ಮೇಲೆ, ನನ್ನ ಕಡೆ ನೋಡದೆ ಹೇಳಿದಳು. "ಒಂದು ಚೀಟಿ ಬರದು ಕಳಸಬೇಕಿತ್ರಿ ಮಿಸ್. ಸೈಟಿನಾಗ ಹಿಂಗಾಗೇತಿ ಅಂತ. ನಾನಽ ಎದ್ದು ಬರ್ತಿದ್ದೆ."

ಅದು ನನಗೆ ಹೊಳೆದೇ ಇರಲಿಲ್ಲ. ಮೂರು ವರ್ಷ ಎದುರಿಗೆ ಕೂತು ಅವಳ ವಾಕ್ಯಗಳನ್ನು ತಿದ್ದಿದವಳಿಗೆ, ಅವಳು ಎಂಥವಳು ಎಂದು ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಹುಡುಗ ಓಡುತ್ತಾ ಮನೆಗೆ ಬಂದ. ಅವಳನ್ನು ಕರೆದೊಯ್ದಾಗ, ಅವಳ ಅಪ್ಪ ಹೋದರಂತೆ ಎಂದು ಪರೀಕ್ಷೆಯ ಕೋಣೆಯಲ್ಲಿ ಯಾರೋ ಪಿಸುಗುಟ್ಟಿದ್ದರಂತೆ. ಬಸ್ ಎಷ್ಟೊತ್ತಿಗೆ, ತಾನೂ ಗದಗಕ್ಕೆ ಹೋಗುತ್ತೇನೆ, ಅವಳೊಬ್ಬಳೇ ಹೇಗೆ ಹೋಗುತ್ತಾಳೆ ಎಂದು ಕೇಳಿದ. ಕಣ್ಣು ಕೆಂಪಾಗಿತ್ತು. ನಡೆದದ್ದನ್ನು ಅವನಿಗೂ ಹೇಳಿದೆ. "ಬಿಡಿ ಮಿಸ್" ಎಂದ ಅಷ್ಟೇ. ಅವತ್ತಿನಿಂದ ನನ್ನನ್ನು ಯಾವತ್ತೂ ರೇಗಿಸಲಿಲ್ಲ.

ಅವಳು ಅಂದು ಸಣ್ಣ ಪ್ರಶ್ನೆಗಳನ್ನಷ್ಟೇ ಬರೆದಿದ್ದಳು, ದೊಡ್ಡವನ್ನು ಆಮೇಲೆ ಎಂದು ಇಟ್ಟುಕೊಂಡಿದ್ದಳಂತೆ. ಆ ಪೇಪರು ಹೋಯಿತು. ಡೆಲ್ಲಿಯವರು ಕಾಯಲಿಲ್ಲ. ನಾನು ಅವರಿಗೆ ಉದ್ದುದ್ದ ಪತ್ರ ಬರೆದೆ, ಎಲ್ಲ ನನ್ನ ತಪ್ಪು ಎಂದು. ಉತ್ತರ ಬರಲಿಲ್ಲ. ಸೈಟಿಗೆ ಬೇರೆ ಊರಿನ ಮಕ್ಕಳು ಬರೆಯುವುದನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಗ್ಯಾರೇಜು ಮತ್ತೆ ಖಾಲಿ. ಕೊನೆಯ ದಿನ ಹುಡುಗಿ ಬಂದು ಕೀ ಕೊಟ್ಟಳು, ಕಾಲಿಗೆ ನಮಸ್ಕಾರ ಮಾಡಿದಳು. ಬೇಡ ಎಂದು ಕಾಲು ಹಿಂದಕ್ಕೆಳೆದುಕೊಂಡೆ. ಅದೂ ತಪ್ಪೇ ಇರಬೇಕು, ಅವಳ ಮುಖ ಸಣ್ಣದಾಯಿತು.

ಆ ನಾಯಕರು ಅದಾಗಿ ಎರಡು ವರ್ಷ ಬದುಕಿದರು. ಒಂದು ಬೆಳಿಗ್ಗೆ ಲ್ಯಾಂಡ್‌ಲೈನ್ ಹೊಡೆಯಿತು. ಆ ಹೊತ್ತಿಗೆ ಅದು ಹೊಡೆಯುವುದೇ ನಿಂತುಹೋಗಿತ್ತು, ಎದ್ದು ಹೋಗಿ ಎತ್ತುವಷ್ಟರಲ್ಲಿ ಏದುಸಿರು ಬಂತು.

"ಮಿಸ್, ನಾನ್ರಿ. ಹುಬ್ಬಳ್ಳಿಯಿಂದ." ಅಲ್ಲಿನ ಕನ್ನಡ ಪತ್ರಿಕೆಯೊಂದರಲ್ಲಿ ಡೆಸ್ಕಿನಲ್ಲಿದ್ದೇನೆ ಎಂದಳು. ನಾಯಕರ ಹೆಸರು ಹೇಳಿ, "ಹೋದ್ರಂತ್ರಿ. ಎರಡೂ ಕಡೆ ಕೇಳೀನಿ. ಖರೇ ಅದ" ಎಂದಳು. ಟಿವಿಯಲ್ಲಿ ಇನ್ನೂ ಬಂದಿರಲಿಲ್ಲ. ನನಗೆ ಯಾಕೆ ಹೇಳಿದಳು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಬರೆದ ಆ ಹಾಳೆ, ಟಿಕ್ ಸಮೇತ, ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇತ್ತು. ಅದನ್ನೂ ಹೇಳಲಿಲ್ಲ.

 ಅವಳ ಹಿಂದೆ ಆಫೀಸಿನ ಗಲಾಟೆ, ಯಾರೋ ಅವಳನ್ನು ಪುಟಕ್ಕಾಗಿ ಅವಸರಪಡಿಸುತ್ತಿದ್ದರು. ಎರಡು ವರ್ಷದಿಂದ ಬಾಯಿಗೆ ಬಂದು ನಿಂತುಹೋಗುತ್ತಿದ್ದ ಪ್ರಶ್ನೆಯನ್ನು ಅವಳು ಫೋನು ಇಡುವ ಮೊದಲು ಕೇಳಿದೆ.

"ಅಪ್ಪ ಹೇಗಿದ್ದಾರಮ್ಮ?"

 ನಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅದಾನ್ರಿ," ಎಂದಳು. "ಅದಾನ್ರಿ ಮಿಸ್. ಮುಂಜಾನೇನ ಮಾತಾಡೀನಿ."