ಸಾಲಿನ ಕೊನೆಯವಳು

ಬೆಳಕು ಹರಿಯುವ ಮೊದಲು ಅವಳ ಕೆಲಸಗಳು ಇಷ್ಟು: ಒಲೆಯ ಮೇಲೆ ನೀರಿಡುವುದು, ಅತ್ತೆಯ ಒದ್ದೆ ಹಾಸಿಗೆ ಬದಲಿಸುವುದು, ಹದಿನೈದು ಮೊಟ್ಟೆ ಬೇಯಿಸಿ ಸುಲಿಯುವುದು, ಎರಡು ದೊಡ್ಡ ಫ್ಲಾಸ್ಕುಗಳನ್ನು ಬಿಸಿನೀರಿನಲ್ಲಿ ಕುಲುಕಿ ತೊಳೆಯುವುದು, ಗಂಡನ ಉಣ್ಣೆಯ ಕಾಲುಚೀಲದ ತೂತು ಹೊಲಿಯುವುದು, ಬೂಟು ಒರೆಸಿಡುವುದು. ಆಮೇಲೆ ಲಾಂಡ್ರಿಗೆ ಓಡಿ, ಸಂಜೆಯವರೆಗೆ ಹೋಟೆಲುಗಳ ಬೆಡ್‌ಶೀಟು ಇಸ್ತ್ರಿ ಮಾಡುವುದು.

ಅಂದು ಚಳಿಗಾಲದ ನಡಿಗೆ. ವರ್ಷಕ್ಕೊಮ್ಮೆ, ಕತ್ತಲಾದ ಮೇಲೆ, ಊರಿನ ಮೂರು ಪಾರ್ಕು ದಾಟಿ ಕಡಲದಂಡೆ ಹಿಡಿದು ಲೈಟ್‌ಹೌಸಿನವರೆಗೆ ಹದಿನೈದು ಜನ ನಡೆಯುತ್ತಾರೆ. ಎಲ್ಲರಿಗಿಂತ ಮುಂದೆ ಅವಳ ಗಂಡ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹಿಂತಿರುಗಿ ನೋಡುವ ಅಭ್ಯಾಸ ಅವರಿಗಿಲ್ಲ. ಎಲ್ಲರಿಗಿಂತ ಹಿಂದೆ ಅವಳು, ಸುಸ್ತಾದವರನ್ನು ಕೂಡಿಸಿಕೊಂಡು, ಎಲ್ಲರ ಚಹಾವನ್ನೂ ಬೆನ್ನಿಗೆ ಹೊತ್ತು. ಗುಂಪಿನವರು ಅವಳಿಗಿಟ್ಟ ಹೆಸರು ಬಾಲ.

ಹೋದ ವರ್ಷ ಪಾಚಿಗಲ್ಲಿನ ಮೇಲೆ ಬಾಲ ಜಾರಿ ಬಿದ್ದಿದ್ದಳು. ಪಾದ ಉಳುಕಿತು. ಬೀಸುಗಾಳಿಯಲ್ಲಿ ಕೂಗಿದಳು, ಯಾರೂ ನಿಲ್ಲಲಿಲ್ಲ. ಮುಕ್ಕಾಲು ತಾಸು ಒದ್ದೆ ಮರಳಿನಲ್ಲಿ ಕುಂಟುತ್ತ ಲೈಟ್‌ಹೌಸು ಮುಟ್ಟಿದಾಗ ಮೇಷ್ಟ್ರು ಕೇಳಿದ್ದು ಒಂದೇ ಮಾತು.

"ಇಷ್ಟೊತ್ತಾ? ಜನ ಚಹಾ ಇಲ್ದೆ ನಡುಗ್ತಾ ಕೂತಿದಾರೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗು ವರ್ಷವಿಡೀ ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು. ಕಾಲಿನ ಊತ ಇಳಿಯಿತು, ಅದು ಇಳಿಯಲಿಲ್ಲ. ಒಂದೊಂದು ಬೆಡ್‌ಶೀಟಿನ ಮೇಲೂ ಅದನ್ನೇ ಒತ್ತಿ ಒತ್ತಿ ತೇಯ್ದಳು.

ಲಾಂಡ್ರಿಗೆ ಹೋಗುವ ದಾರಿಯಲ್ಲಿ, ದೋಣಿ ಕಟ್ಟುವ ಕಟ್ಟೆಯ ಮೇಲೆ, ಸಮುದ್ರದ ಉಬ್ಬರ ಇಳಿತದ ಹೊತ್ತು ಬರೆಯುವ ಹಲಗೆಯಿದೆ. ದಿನವೂ ಓದುತ್ತಾಳೆ. ಇವತ್ತಿನ ಉಬ್ಬರ ರಾತ್ರಿ ಎಂಟೂವರೆಗೆ. ಸರಿಯಾಗಿ ಗುಂಪು ಮರಳಿನ ನಡುದಾರಿಯಲ್ಲಿರುವ ಹೊತ್ತು.

ಸಂಜೆ ಫ್ಲಾಸ್ಕು ತುಂಬುತ್ತ ಹೇಳಿದಳು: "ರೀ, ಎಂಟೂವರೆಗೆ ಉಬ್ಬರವಂತೆ. ಮರಳಿನ ದಾರಿ ಮುಳುಗುತ್ತೆ."

"ಮೂವತ್ತು ವರ್ಷದಿಂದ ನಡೀತಿರೋನಿಗೆ ನೀನು ಸಮುದ್ರ ತೋರಿಸ್ತೀಯಾ? ನಿನ್ನ ಇಸ್ತ್ರಿಪೆಟ್ಟಿಗೆ ನೋಡ್ಕೊ."

ಒಳಕೋಣೆಯಿಂದ ಅತ್ತೆ ಹೇಳಿದರು: "ಕೇಳೋ ಅವಳ ಮಾತು. ಒದ್ದೆ ಆದ್ರೆ ಒಗೆಯೋಳೂ ಅವಳೇ."

ಮೇಷ್ಟ್ರು ಬೂಟಿನ ದಾರ ಬಿಗಿದರು. ಅವರು ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಒಂದು ಸಲ ಹೇಳಿದ್ದಳು. ಎರಡನೇ ಸಲ ಹೇಳಲಿಲ್ಲ.

ಮೂರನೇ ಪಾರ್ಕು ಮುಗಿಯುವಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಮೆಟ್ಟಿಲು ಹತ್ತಿದರೆ ತಡೆಗೋಡೆಯ ಮೇಲಿನ ಕಾಲುದಾರಿ, ಬಲಕ್ಕೆ ಮರಳು; ಎರಡೂ ಲೈಟ್‌ಹೌಸಿಗೇ. ಮೇಷ್ಟ್ರ ಟಾರ್ಚು ಆಗಲೇ ಮರಳಿನ ಮೇಲೆ ನೂರು ಮಾರು ಮುಂದಿತ್ತು. ಉಳಿದವರು ಚಳಿಗೆ ಕೈ ಉಜ್ಜುತ್ತ, ಚಹಾ ಬರಲೆಂದು ಕವಲಿನಲ್ಲಿ ನಿಂತಿದ್ದರು.

"ಯಾವ ಕಡೆ ಬಾಲಕ್ಕ?" ಎಂದಳು ಗುಂಪಿನಲ್ಲಿದ್ದ ಬಸ್ ಕಂಡಕ್ಟರ್ ಹೆಂಗಸು.

"ಮೇಲೆ. ಕೆಳಗೆ ನೀರು ಬರುತ್ತೆ."

"ಮೇಷ್ಟ್ರಿಗೆ?"

"ಹೇಳಿದೀನಿ."

"ಗಂಡಸರಿಗೆ ಹೇಳೋದೂ ಒಂದೇ, ಬಾಗಿಲಲ್ಲಿ ನಿಲ್ಬೇಡಿ ಅಂತ ಬಸ್ಸಲ್ಲಿ ಕೂಗೋದೂ ಒಂದೇ," ಎನ್ನುತ್ತ ಕಂಡಕ್ಟರ್ ಮೆಟ್ಟಿಲು ಹತ್ತಿದಳು. ಚಹಾ ಹೋದ ಕಡೆ ಜನ ಹೋದರು.

ಗೋಡೆಯ ಮೇಲೆ ಅವಳು ಒಬ್ಬಳೇ ಹಿಂದೆ ನಿಂತಳು. ಕೆಳಗೆ ಒಂಟಿ ಟಾರ್ಚು ಗತ್ತಿನಿಂದ ನಡೆಯುತ್ತಿತ್ತು. ಅದರ ಹಿಂದೆ ಮರಳು ಆಗಲೇ ಮಿನುಗತೊಡಗಿತ್ತು. ಲೈಟ್‌ಹೌಸಿನ ಮೆಟ್ಟಿಲವರೆಗೂ ನೀರು ಮೊಣಕಾಲು ದಾಟುವುದಿಲ್ಲ, ಹಿಂದೊಮ್ಮೆ ಉಬ್ಬರದಲ್ಲಿ ಅವಳೇ ಹಾಯ್ದಿದ್ದಾಳೆ. ಸಾಯುವಂಥದ್ದಲ್ಲ. ಆದರೆ ಮೂಳೆ ಕೊರೆಯುವ ಚಳಿ, ಅರ್ಧ ತಾಸಿನ ದಾರಿ, ಜೊತೆಗೆ ಯಾರೂ ಇಲ್ಲ. ಈಗ ಕೂಗಿದರೆ ಒಣ ಬೂಟಿನಲ್ಲೇ ಹಿಂದಿರುಗಬಹುದು. ಇವತ್ತು ಗಾಳಿಯೂ ಇರಲಿಲ್ಲ. ಒಂದೇ ಕೂಗು ಸಾಕಿತ್ತು.

ಟಾರ್ಚು ನಿಂತಿತು. ಮೊದಲ ಬಾರಿಗೆ ಹಿಂದಕ್ಕೆ ತಿರುಗಿ ಅತ್ತಿತ್ತ ಹುಡುಕಿತು.

ಅವಳು ತನ್ನ ಟಾರ್ಚು ಆರಿಸಿದಳು. ಚೀಲದ ಪಟ್ಟಿ ಬಿಗಿದುಕೊಂಡು, ಸಾಲಿನ ಬದಿಯಿಂದ ಒಬ್ಬೊಬ್ಬರನ್ನೇ ದಾಟುತ್ತ ಮುಂದಕ್ಕೆ ನಡೆದಳು.