ಬಸರಾಳಿನ ಜೀಪಿನ ಜಾತಕ

ಚರಿತ್ರೆಯನ್ನು ಕೆರೆದಷ್ಟೂ ಸತ್ಯ ಹೊಳೆಯುತ್ತದೆ. ಬಸರಾಳಿನ ಕೊಟ್ಟಿಗೆಯಲ್ಲಿದ್ದ ಹಳೇ ಮಿಲಿಟರಿ ಜೀಪಿನಲ್ಲಿ ಮಾತ್ರ ಕೆರೆದಷ್ಟೂ ಕುಂಕುಮವೇ ಉದುರಿತು. ಇಂಥ ಗಾಡಿಗಳನ್ನು ರಿಪೇರಿ ಮಾಡಿ ಅವುಗಳ ಜಾತಕ ಹುಡುಕುವ ನನ್ನ ಗೆಳೆಯ ಗೋಪಿಗೆ ತಗಡಿನ ಪಟ್ಟಿಯ ಮೇಲೆ ಕೊರೆದ ಮಿಲಿಟರಿ ನಂಬರು ಬೇಕಿತ್ತು. ಅದರ ಮೇಲೆ ವರ್ಷವರ್ಷದ ಆಯುಧಪೂಜೆ ಗಟ್ಟಿಯಾಗಿ ಕೂತಿತ್ತು.

“ಬುಡಪ್ಪಾ, ಕೆರೀಬ್ಯಾಡ!” ಮನೆಯೊಡತಿ ಜಯಮ್ಮ ಓಡಿಬಂದರು. “ಮೇಲ್ಗಡೆ ಬೊಟ್ಟು ನಮ್ಮೆಜಮಾನ್ರು ಇಟ್ಟಿದ್ದು. ಓದ ದಸರಕ್ಕೆ ಇಟ್ರು, ದೀಪಾವಳಿಗೆ ಅವರೇ ಇರ್ನಿಲ್ಲ.”

ಒಣಗಿದ ಬೊಟ್ಟಿನಲ್ಲಿ ಬೆರಳಿನ ಗೆರೆಗಳು ಹಾಗೇ ಇದ್ದವು.

“ನಂಬರು ಸಿಕ್ಕದೆ ಇದು ಎಲ್ಲಿ ಯುದ್ಧ ಮಾಡಿತ್ತು ಅಂತ ಗೊತ್ತಾಗಲ್ಲಮ್ಮ,” ಎಂದ ಗೋಪಿ.

“ಯುದ್ಧವಾ? ನಾಕು ಜನ ತಳ್ಳದೆ ಸ್ಟಾರ್ಟೇ ಆಯ್ತಿರ್ನಿಲ್ಲ ಕಣಪ್ಪ ಇದು!”

ಗೋಪಿ ಚಾಕು ಮಡಚಿದ. ಸಂಜೆಗೆ ಜೀಪು ಸ್ಟಾರ್ಟಾಯಿತು. ಯಾವ ಗಡಿಯಲ್ಲಿತ್ತೆಂದು ತಿಳಿಯಲಿಲ್ಲ.