ಒತ್ತು ತಪ್ಪಿದ ಹಾಳೆ

ಮನೆಗೊಂದು ಪ್ರಿಂಟರ್ ಬೇಕೇ ಬೇಡವೇ ಎಂಬ ಮಾತು ನಮ್ಮಲ್ಲಿ ಎರಡು ತಿಂಗಳು ನಡೆಯಿತು. ಬೇಡ ಎನ್ನುತ್ತಿದ್ದವಳು ನಾನೇ. ಮುಂಬಯಿಯ ವಿಕ್ರೋಳಿ ಸ್ಟೇಷನ್ನಿನಿಂದ ನಮ್ಮ ಬಿಲ್ಡಿಂಗಿಗೆ ಬರುವ ದಾರಿಯಲ್ಲಿ ಒಂದು ಝೆರಾಕ್ಸ್ ಅಂಗಡಿಯಿದೆ. ಬೆಳಿಗ್ಗೆ ಅಂಗಡಿಯವರ ಫೋನಿಗೆ ಫೈಲ್ ಕಳಿಸಿದರೆ ಸಂಜೆ ನನ್ನ ಗಂಡ ಆಫೀಸಿನಿಂದ ಬರುವಾಗ ಹಾಳೆಗಳನ್ನು ತರುತ್ತಿದ್ದರು. ವಾರಕ್ಕೆ ಮೂವತ್ತೋ ನಲವತ್ತೋ ಹಾಳೆ. ಅಷ್ಟಕ್ಕೆ ಒಂದು ಯಂತ್ರವನ್ನು ಮನೆಯಲ್ಲಿ ಸಾಕುವುದು ದುಂದು ಎಂದು ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿ ತೋರಿಸಿದ್ದೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಪಟ್ಟಿ ಮಾಡಿದರೆ ನನಗೆ ಸಮಾಧಾನ.

ಹಾಳೆಗಳು ಮಗಳ ಪಾಠಕ್ಕೆ. ಅವಳಿಗೆ ಆಗ ಏಳು ವರ್ಷ. ಹಿಂದಿನ ವರ್ಷ ಅವಳು ಶಾಲೆಯಲ್ಲಿ ಮಾತನಾಡುವುದನ್ನು ನಿಲ್ಲಿಸಿದ್ದಳು. ಮನೆಯಲ್ಲಿ ಇಡೀ ದಿನ ಹರಟುವ ಮಗು ತರಗತಿಯಲ್ಲಿ ಗೊತ್ತಿದ್ದ ಉತ್ತರವನ್ನೂ ಹೇಳುತ್ತಿರಲಿಲ್ಲ. ಯಾರಾದರೂ ತಪ್ಪು ಎಂದರೆ ಸಾಕು, ಹೌದೆಂದು ತಲೆಯಾಡಿಸಿ ಅಳಿಸಿಬಿಡುತ್ತಿದ್ದಳು, ಸರಿಯಾಗಿ ಬರೆದದ್ದನ್ನೂ. ಒಂದು ವರ್ಷ ಮನೆಯಲ್ಲೇ ಕಲಿಸಿ ನೋಡೋಣ ಎಂದು ನಾವಿಬ್ಬರೂ ನಿರ್ಧರಿಸಿದೆವು. ನೆರೆಯವರು ಕೇಳಿದರೆ 'ಒಂದು ವರ್ಷ ಗ್ಯಾಪ್' ಎಂದಷ್ಟೇ ಹೇಳುತ್ತಿದ್ದೆ. ನನಗೆ ಬೇಕಾಗಿದ್ದದ್ದು ಓದು ಬರಹಕ್ಕಿಂತ ಮೊದಲು ಇನ್ನೊಂದು: ಅವಳು ಮುಖ ಎತ್ತಿ, ದೊಡ್ಡವರ ಎದುರು, 'ಅಲ್ಲ' ಎನ್ನಬೇಕು. ಇದನ್ನು ನಾನು ಗಂಡನಿಗೂ ಬಿಡಿಸಿ ಹೇಳಿರಲಿಲ್ಲ.

ಗಣಿತ, ಇಂಗ್ಲಿಷಿನ ಹಾಳೆಗಳು ಸುಲಭವಾಗಿ ಸಿಗುತ್ತಿದ್ದವು. ಕನ್ನಡದ್ದನ್ನು ನಾನೇ ಟೈಪ್ ಮಾಡುತ್ತಿದ್ದೆ. ಎಡಕ್ಕೆ ಚಿತ್ರ, ಬಲಕ್ಕೆ ಪದ. ಅವಳು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಝೆರಾಕ್ಸ್ ಅಂಗಡಿಯವರಿಗೆ ಈ ಹಾಳೆಗಳೆಂದರೆ ತಮಾಷೆ. ನಾನು ಎದುರಿಗೆ ಸಿಕ್ಕಾಗಲೆಲ್ಲ, "ಭಾಭೀ, ಆಜ್ ಜಲೇಬಿ ನಹೀ ಭೇಜಾ?" ಎಂದು ಕೇಳುತ್ತಿದ್ದರು. ನಮ್ಮ ಲಿಪಿಗೆ ಅವರಿಟ್ಟ ಹೆಸರು ಅದು. ನಾನು ನಕ್ಕು ಮುಂದೆ ಹೋಗುತ್ತಿದ್ದೆ.

ಒತ್ತಕ್ಷರದ ಪಾಠ ಶುರುವಾದಾಗ, ನಮ್ಮ ಜೊತೆಗೇ ಇರುವ ಅತ್ತೆ ಮನೆಯಲ್ಲಿರಲಿಲ್ಲ. ಡೊಂಬಿವಲಿಯ ನಾದಿನಿಯ ಮನೆಗೆ ಎರಡು ವಾರಕ್ಕೆಂದು ಹೋಗಿದ್ದರು. ಅತ್ತೆ ಉಡುಪಿ ಕಡೆಯವರು. ಮದುವೆಯಾಗಿ ಮುಂಬಯಿಗೆ ಬಂದು, ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ನಿವೃತ್ತಿಯವರೆಗೆ ಪಾಠ ಹೇಳಿದವರು. ಅವರಿದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಮಗಳು 'ಅಮ್ಮ' ಎಂದು ಬರೆಯಬೇಕಾದಲ್ಲಿ 'ಅಮ್‌ಮ' ಎಂದು ಬರೆದಳು. 'ಅಕ್ಕ' ಹೋಗಿ 'ಅಕ್‌ಕ' ಆಯಿತು. ನಾನು ಪದದ ಸುತ್ತ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಮೆಲ್ಲಗೇ ಹೇಳಿದೆ, "ಪುಟ್ಟಿ, ಒತ್ತು ಕೆಳಗೆ ಬರಬೇಕು. ಪಕ್ಕದಲ್ಲಲ್ಲ." ಅವಳು ತಲೆಯಾಡಿಸಿ ಅಳಿಸಿದಳು. ಮರುದಿನ ಹೊಸ ಹಾಳೆ, 'ಹಣ್‌ಣು', 'ಬೆಕ್‌ಕು'. ಮತ್ತೆ ಗೆರೆ, ಮತ್ತೆ ತಲೆಯಾಡಿಸಿದಳು. ಹೀಗೆ ಹನ್ನೆರಡು ದಿನ. ನಾನು ಒಮ್ಮೆಯೂ ದನಿ ಎತ್ತಲಿಲ್ಲ ಎಂದು ಆಗ ಒಳಗೊಳಗೇ ಹೆಮ್ಮೆಯಿತ್ತು.

ಅತ್ತೆ ಬಂದ ದಿನ ನೋಟ್‌ಬುಕ್ ತೆರೆದು ಕೂತರು. ಕನ್ನಡಕ ಹಾಕಿಕೊಂಡು ಪಕ್ಕದ ಫೈಲಿನಿಂದ ಮುದ್ರಿತ ಹಾಳೆಯನ್ನೂ ಎಳೆದುಕೊಂಡರು. ಸ್ವಲ್ಪ ಹೊತ್ತು ಎರಡನ್ನೂ ನೋಡಿದರು.

"ಮಾರಾಯ್ತಿ, ಇಲ್ಲಿ ಬಾ. ಇದನ್ನು ಯಾರು ಟೈಪ್ ಮಾಡಿದ್ದು?"

"ನಾನೇ ಅತ್ತೆ."

"ಹೌದಾ? ಎಂ.ಎಸ್ಸಿ. ಮಾಡಿದವರಿಗೆ ಒತ್ತು ಎಲ್ಲಿ ಬರ್ತದೆ ಅಂತ ಗೊತ್ತಿಲ್ವಾ? ನೋಡು. ಮಗು ಸರಿಯಾಗೇ ಬರ್ದಿದೆ. ನಿನ್ನ ಹಾಳೆಯೇ ತಪ್ಪು."

ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ 'ಅಮ್‌ಮ' ಎಂದಿತ್ತು. ಕೆಳಗೆ ಕೂರಬೇಕಾದ ಒತ್ತು ಪಕ್ಕದಲ್ಲಿ ಇಡೀ ಅಕ್ಷರವಾಗಿ ನಿಂತಿತ್ತು. ಎಲ್ಲ ಹಾಳೆಗಳಲ್ಲೂ ಹಾಗೇ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದ ಪದ ಅಂಗಡಿಯ ಕಂಪ್ಯೂಟರಿನಲ್ಲಿ ಬಿಡಿಬಿಡಿಯಾಗಿತ್ತು. ನಾನು ಪ್ರತಿದಿನ ಆ ಹಾಳೆಗಳನ್ನು ಅವಳ ಮುಂದಿಟ್ಟಿದ್ದೆ, ನೋಡಿರಲಿಲ್ಲ. ನೋಡಿದ್ದಾಗಲೂ ಕಣ್ಣು ತಾನೇ ತಾನಾಗಿ 'ಅಮ್ಮ' ಎಂದು ಓದಿಕೊಂಡಿರಬೇಕು. ಇನ್ನೂ ಓದಲು ಕಲಿಯುತ್ತಿದ್ದವಳೊಬ್ಬಳೇ ಅಲ್ಲಿದ್ದದ್ದನ್ನು ಇದ್ದ ಹಾಗೆ ನೋಡಿದ್ದಳು.

ಮಗಳನ್ನು ಕರೆದು ಹಾಳೆ ತೋರಿಸಿದೆ. "ಇದರಲ್ಲಿ ಹೀಗಿತ್ತು ಅಂತ ನಿಂಗೆ ಗೊತ್ತಿತ್ತಾ?"

"ಹಾಂ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಅವಳು ಫ್ರಾಕಿನ ಅಂಚು ತಿರುಚುತ್ತ, "ನೀನು ರಾಂಗ್ ಅಂದೆ ನಾ. ಫಿರ್ ರಾಂಗೇ ಆಗಿರತ್ತೆ" ಎಂದಳು.

ಯಾವ ಅಭ್ಯಾಸ ಹೋಗಲೆಂದು ಅವಳನ್ನು ಶಾಲೆ ಬಿಡಿಸಿದ್ದೆನೋ ಅದನ್ನೇ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಮೆತ್ತಗಿನ ದನಿಯಲ್ಲಿ, ನಾನೇ ಕಲಿಸಿದ್ದೆ. "ತಪ್ಪು ನಂದು ಪುಟ್ಟಿ" ಎಂದೆ. ಅವಳು ಅದಕ್ಕೂ ತಲೆಯಾಡಿಸಿದಳು.

ಆ ಶನಿವಾರ ಪ್ರಿಂಟರ್ ಕೊಳ್ಳಲೆಂದು ಅವಳನ್ನು ಕರೆದುಕೊಂಡು ಫೋರ್ಟ್ ಪೇಟೆಗೆ ಹೋದೆ. ಗಂಡ ತಮ್ಮ ಆಫೀಸಿನವರನ್ನು ವಿಚಾರಿಸಿ ಒಂದು ಅಂಗಡಿಯ ಗುರುತು ಹೇಳಿದ್ದರು. ಮನೆಗೆ ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರೇ ಸರಿ, ಹಾಳೆಗೆ ಬೀಳುವ ಖರ್ಚು ಅದರಲ್ಲೇ ಕಡಿಮೆ ಎಂದು ಅವರ ವಾದ. ನನ್ನ ಪಟ್ಟಿಯೂ ಅದನ್ನೇ ಹೇಳುತ್ತಿತ್ತು. ಪೆನ್‌ಡ್ರೈವಿನಲ್ಲಿ ಒಂದೇ ಒಂದು ಪುಟ ಹಾಕಿಕೊಂಡಿದ್ದೆ: ಅಮ್ಮ, ಹಣ್ಣು, ಸೂರ್ಯ, ರಾಷ್ಟ್ರ. ಒತ್ತಿರುವ ಪದಗಳು ಮಾತ್ರ.

ಅಂಗಡಿಯಲ್ಲಿದ್ದ ವಯಸ್ಸಾದವರಿಗೆ ಝೆರಾಕ್ಸ್ ಹಾಳೆಗಳ ಕಥೆ ಹೇಳಿ, ಕನ್ನಡ ಸರಿಯಾಗಿ ಮುದ್ರಿಸುವ ಪ್ರಿಂಟರ್ ಬೇಕು ಎಂದು ಹಿಂದಿಯಲ್ಲಿ ಹೇಳಿದೆ. ಅವರು ಪೆನ್‌ಡ್ರೈವಿಗೆ ಕೈ ಚಾಚಿದರು.

"ಮ್ಯಾಡಮ್, ಪ್ರಿಂಟರ್ ಕೋ ಭಾಷಾ ನಹೀ ಆತೀ. ಉಸ್ ಕೋ ಖಾಲೀ ಕಾಲಾ ಔರ್ ಸಫೇದ್ ಮಾಲೂಮ್ ಹೈ." ಯಂತ್ರಕ್ಕೆ ಗೊತ್ತಿರುವುದು ಕಪ್ಪು ಬಿಳುಪು ಮಾತ್ರ; ತೊಂದರೆಯಿದ್ದದ್ದು ಝೆರಾಕ್ಸ್ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ; ಪಿಡಿಎಫ್ ಮಾಡಿ ಕಳಿಸಿದ್ದರೆ ಅಲ್ಲೇ ಸರಿಯಾಗಿ ಬರುತ್ತಿತ್ತು ಎಂದು ತಾಳ್ಮೆಯಿಂದ ವಿವರಿಸಿದರು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಬಂದಿರಲಿಲ್ಲ. ಅಲ್ಲಿಂದಲೇ ಮರಳಿ ಹೋಗಬಹುದಿತ್ತು. ಆದರೆ ಮಗಳ ಕೈಗೆ ಹೋಗುವ ಹಾಳೆ ಮೊದಲು ನನ್ನ ಕಣ್ಣೆದುರೇ ಹೊರಬರಬೇಕು ಎಂದು ಆ ವಾರ ಮನಸ್ಸು ಮಾಡಿಯಾಗಿತ್ತು.

"ಆದರೂ ತೋರಿಸಿ" ಎಂದೆ.

ಇಂಕ್ ಟ್ಯಾಂಕಿನಿಂದ ಪುಟ ಬಂತು. ಒತ್ತುಗಳೆಲ್ಲ ಅವುಗಳ ಜಾಗದಲ್ಲಿ ಕೂತಿದ್ದವು. ಮಗಳು ಕೌಂಟರಿನ ಮೇಲಿದ್ದ ಹಾಳೆಯನ್ನು ಎಳೆದುಕೊಂಡು, ಓದುವಾಗ ಯಾವಾಗಲೂ ಮಾಡುವಂತೆ, ಅಕ್ಷರಗಳ ಮೇಲೆ ಬೆರಳಾಡಿಸತೊಡಗಿದಳು. ಓದುವಾಗ ಅವಳ ಕೈ ಬೆವರುತ್ತದೆ. 'ಸೂರ್ಯ'ದ ಬಾಲ ಪಕ್ಕಕ್ಕೆ ಹರಡಿ ಬೂದು ಕಲೆಯಾಯಿತು.

"ಅರೇ ಬೇಬಿ, ಉಂಗಲೀ ಮತ್ ಘುಮಾವೋ! ಗೀಲಾ ಹೈ," ಎಂದರು ಅಂಗಡಿಯವರು, ಸಿಟ್ಟಿನಿಂದೇನಲ್ಲ. ಶಾಯಿ ಇನ್ನೂ ಹಸಿ, ಬೆರಳಾಡಿಸದೆ ಒಂದೆರಡು ನಿಮಿಷ ಒಣಗಲು ಬಿಡಬೇಕು ಎಂದು ನನಗೆ ಹೇಳಿದರು.

ಅವಳು ಥಟ್ಟನೆ ಕೈ ಹಿಂದಕ್ಕೆ ಸೆಳೆದು ಬೆನ್ನ ಹಿಂದೆ ಬಚ್ಚಿಟ್ಟಳು. ತುಟಿ ಮುಚ್ಚಿಕೊಂಡಿತು. ಶಾಲೆಯ ಗೇಟಿನಲ್ಲಿ ನಾನು ದಿನವೂ ಕಂಡ ಮುಖ ಅದು.

"ಇವಳು ಬೆರಳಿಟ್ಟೇ ಓದುವುದು. ಬೆರಳಿಟ್ಟರೂ ಅಳಿಸದ್ದು ಯಾವುದಿದೆ?" ಎಂದು ಕೇಳಿದೆ.

ಅವರು ಒಳಗಿನ ಮೇಜಿನ ಮೇಲಿದ್ದ ಕಪ್ಪು ಬಿಳುಪಿನ ಲೇಸರ್ ಯಂತ್ರದಲ್ಲಿ ಅದೇ ಪುಟ ತೆಗೆದರು. ನಾನೇ ಬಾಟಲಿಯ ನೀರಿನಿಂದ ಬೆರಳು ಒದ್ದೆ ಮಾಡಿ 'ರಾಷ್ಟ್ರ'ದ ಮೇಲೆ ಉಜ್ಜಿದೆ. ಹಾಳೆ ನೆನೆಯಿತು, ಅಕ್ಷರ ಅಲುಗಲಿಲ್ಲ. ಮಗಳ ಕೈಯನ್ನು ಬೆನ್ನ ಹಿಂದಿನಿಂದ ತಂದು ಹಾಳೆಯ ಮೇಲಿಟ್ಟೆ. ಅವಳು ಅಂಗಡಿಯವರನ್ನು ನೋಡಿದಳು. ಅವರು, "ಕರೋ, ಕರೋ. ಅಬ್ ಜಿತನಾ ಘಿಸನಾ ಹೈ ಘಿಸೋ" ಎಂದು, ಎಷ್ಟು ಬೇಕಾದರೂ ಉಜ್ಜು ಎನ್ನುವಂತೆ ಕೈಯಾಡಿಸಿ ನಕ್ಕರು. ಅವಳು ನಗಲಿಲ್ಲ, ಆದರೆ ಪುಟದ ಕೊನೆಯವರೆಗೂ ಬೆರಳಾಡಿಸಿದಳು.

ಲೇಸರಿನದು ನನ್ನ ಪಟ್ಟಿಯಲ್ಲಿ ಮೂರನೆಯ ಸಾಲು. ಹಾಳೆಯ ಖರ್ಚು ಸ್ವಲ್ಪ ಹೆಚ್ಚು, ಬಣ್ಣವಿಲ್ಲ. ಅವಳ ಬೆರಳಿಗಾಗಿ ನಾನು ಯಾವ ಕಾಲಮ್ಮನ್ನೂ ಹಾಕಿರಲಿಲ್ಲ. ಲೇಸರನ್ನೇ ಕಟ್ಟಿಸಿಕೊಂಡೆ. ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ಲೇಡೀಸ್ ಡಬ್ಬಿ ಅರ್ಧ ಖಾಲಿ, ಎದುರಿಗೆ ಕೂತಿದ್ದ ಹೆಂಗಸು ಪೆಟ್ಟಿಗೆ ನೋಡಿ "ಮೈಕ್ರೋವೇವ್ ಕ್ಯಾ?" ಎಂದು ಕೇಳಿದಳು. ಮಗಳು ಕಿಟಕಿಯ ಕಡೆ ತಿರುಗಿದಳು. ಉತ್ತರ ನಾನೇ ಕೊಟ್ಟೆ.

ಮನೆಯಲ್ಲಿ ಗಂಡ, "ಕಲರ್ ಇಲ್ವಾ?" ಎಂದರು. ಅತ್ತೆ, "ಬಣ್ಣ ಮಗು ಹಚ್ತದೆ. ಅದಕ್ಕೂ ಮಶೀನು ಬೇಕಾ ನಿನಗೆ?" ಎಂದು ಅವರ ಬಾಯಿ ಮುಚ್ಚಿಸಿದರು.

ಮೊದಲ ಎರಡು ವಾರ ವಿಶೇಷವೇನೂ ಆಗಲಿಲ್ಲ. ನಾನು ಪ್ರತಿ ಹಾಳೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಕೊಡುತ್ತಿದ್ದೆ. ಅವಳು ಬರೆಯುತ್ತಿದ್ದಳು, ನಾನು ತಿದ್ದಿದರೆ ತಲೆಯಾಡಿಸುತ್ತಿದ್ದಳು. ಒತ್ತುಗಳು ಸರಿಹೋದವು, ಬೇರೇನೂ ಸರಿಹೋಗಲಿಲ್ಲ. ಪ್ರಿಂಟರಿನಿಂದ ಮಗು ಬದಲಾಗುತ್ತದೆ ಎಂದು ಎಲ್ಲೋ ನಂಬಿದ್ದೆನೇನೋ ಎಂದು ನನ್ನ ಬಗ್ಗೆಯೇ ನಾಚಿಕೆಯಾಯಿತು.

ಮೂರನೆಯ ವಾರ ಒಂದು ಬೆಳಿಗ್ಗೆ, ಕುಕ್ಕರ್ ಕೂಗುತ್ತಿದ್ದಾಗ, ಆತುರದಲ್ಲಿ ಹಾಳೆ ತೆಗೆದು ನೋಡದೆ ಕೊಟ್ಟೆ. ಅವಳು ಪೆನ್ಸಿಲ್ ಹಿಡಿದು ಕೂತಳು. ಬರೆಯಲಿಲ್ಲ.

"ಏನಾಯ್ತು?"

"ಏನಿಲ್ಲ."

ನಾನು ಒಲೆಯ ಕಡೆ ತಿರುಗಿದೆ. ಹಿಂದಿನಿಂದ ಸಣ್ಣ ದನಿ ಬಂತು. "ಅಮ್ಮ. ಇದು ರಾಂಗ್ ಇದೆ."

ಒಲೆ ಆರಿಸಿ ಬಂದೆ. "ಯಾವುದು?"

ಬೆರಳು ಮೂರನೆಯ ಸಾಲಿನ ಮೇಲಿತ್ತು. ಬೆಕ್ಕಿನ ಚಿತ್ರದ ಪಕ್ಕ 'ಬೆಕು' ಎಂದಿತ್ತು. "ಒತ್ತು ಇಲ್ಲ. ನಾನು ಹೀಗೆ ಬರಿಯಲ್ಲ."

ಹೊರಗೆ ಪೇಪರ್ ಓದುತ್ತಿದ್ದ ಅತ್ತೆ, "ತಪ್ಪು ಮಾಡಿದ್ದು ಯಾರು ಪುಟ್ಟಿ, ಮಶೀನಾ?" ಎಂದು ಕೂಗಿದರು.

ಅವಳು ನನ್ನ ಮುಖ ನೋಡಿದಳು.

"ಅಲ್ಲ ಅಜ್ಜಿ," ಎಂದಳು. "ಅಮ್ಮ."

"ಈಗ ಏನು ಮಾಡೋಣ?" ಎಂದು ಕೇಳಿದೆ. ನನ್ನ ದನಿ ಎಂದಿನಂತೆಯೇ ಇತ್ತು ಎಂದುಕೊಂಡಿದ್ದೇನೆ.

"ನೀನು ಸರಿ ಮಾಡು. ನಾನು ಬೈಠ್ತೀನಿ."

ಕುರ್ಚಿಯಲ್ಲಿ ಕಾಲಾಡಿಸುತ್ತ ಕಾದಳು. ನಾನು ಲ್ಯಾಪ್‌ಟಾಪ್ ತೆರೆದು, ಬಿಟ್ಟುಹೋಗಿದ್ದ ಒತ್ತನ್ನು ಹಾಕಿ, ಪ್ರಿಂಟ್ ಕೊಟ್ಟೆ. ಬಿಸಿ ಹಾಳೆಯನ್ನು ಅವಳೇ ಎದ್ದು ತೆಗೆದುಕೊಂಡಳು, ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದಳು, ಆಮೇಲೆ ಬರೆಯಲು ಕೂತಳು.